ಐವತ್ತನೇ ಮೂತಿ

ಮಾರಪ್ಪನ ಮಂದೆಯಲ್ಲಿ ಅರವತ್ತಮೂರು ಜೀವಗಳಿದ್ದವು. ಅರವತ್ತೆರಡು ಮಾರಪ್ಪನವು, ಒಂದು ದೇವರದು.

ದೇವರದು ಅಂದರೆ ಬೀರಪ್ಪನಿಗೆ ಬಿಟ್ಟ ಟಗರು. ಮೂರು ವರ್ಷದ ಹಿಂದೆ ಮಗಳು ಸಂಗೀತ ಜ್ವರ ತಲೆಗೇರಿ ಶಿಕಾರಿಪುರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಕಣ್ಣು ಬಿಡದೆ ಮಲಗಿದ್ದಳು. ಆಗ ಅವನ ಹೆಂಡತಿ ಗುಡ್ಡಮ್ಮ ಮಂಚದ ಪಕ್ಕದಲ್ಲೇ ನಿಂತು ಹರಕೆ ಹೊತ್ತಳು. ಆ ವರ್ಷ ಹುಟ್ಟುವ ಮೊದಲ ಗಂಡುಮರಿಯನ್ನು ಮೂರು ವರ್ಷ ಕತ್ತರಿ ತಾಗಿಸದೆ ಸಾಕುವುದು, ಆಮೇಲೆ ಗುಡಿಯ ಮುಂದೆ ನಿಲ್ಲಿಸಿ ಅದರ ಮೊದಲ ಉಣ್ಣೆ ತೆಗೆದು, ಆ ಉಣ್ಣೆಯಲ್ಲಿ ಕಂಬಳಿ ನೇಯಿಸಿ ದೇವರ ಗದ್ದುಗೆಗೆ ಹಾಸುವುದು, ಬಂದವರಿಗೆಲ್ಲ ಊಟ ಹಾಕುವುದು. ಸಂಗೀತ ಎದ್ದಳು, ಈಗ ಪಿಯುಸಿ ಓದುತ್ತಾಳೆ. ಟಗರೂ ಬೆಳೆಯಿತು. ಅದಕ್ಕೆ ಕತ್ತರಿ ಇಲ್ಲ, ಕಿವಿಯಲ್ಲಿ ಗುರುತಿಲ್ಲ, ಬೆಲೆ ಕೇಳಿದವರಿಗೆ ಉತ್ತರವಿಲ್ಲ. ಮೂರು ವರ್ಷದ ಉಣ್ಣೆ ಹೊತ್ತು ಮಲಗಿದಾಗ ದೂರದಿಂದ ಯಾರೋ ಹಿರಿಯರು ಕಂಬಳಿ ಹೊದ್ದು ಕೂತ ಹಾಗೆ ಕಾಣುತ್ತಿತ್ತು. ನಡವಳಿಕೆಯೂ ಹಾಗೇ, ಯಾರು ಎದುರು ಬಂದರೂ ದಾರಿ ಬಿಡುತ್ತಿರಲಿಲ್ಲ.

ಭತ್ತದ ಕುಯಿಲು ಮುಗಿದ ಮೇಲೆ ಮಾರಪ್ಪ ಎಂದಿನಂತೆ ಬಳ್ಳಿಗಾವಿಯ ಚಂದ್ರಶೇಖರಪ್ಪನವರ ಗದ್ದೆಯಲ್ಲಿ ಮಂದೆ ನಿಲ್ಲಿಸಿದ. ಕುರಿ ಮಲಗೆದ್ದ ನೆಲಕ್ಕೆ ಬೇರೆ ಗೊಬ್ಬರ ಬೇಕಿಲ್ಲ; ಗದ್ದೆಯವರು ಅದಕ್ಕೆ ಪ್ರತಿಯಾಗಿ ಭತ್ತ ಅಳೆಯುತ್ತಾರೆ, ಊಟ ಕಳಿಸುತ್ತಾರೆ. ಈ ಸಲ ಚಂದ್ರಶೇಖರಪ್ಪನವರು ಇನ್ನೂ ಎರಡು ಎಕರೆ ಗುತ್ತಿಗೆಗೆ ಹಿಡಿದಿದ್ದರಿಂದ ಸೊರಬದ ಕಡೆಯ ಮಹಾಂತೇಶನ ಮಂದೆಯನ್ನೂ ಕರೆಸಿದ್ದರು. ಮಹಾಂತೇಶ ಗುಡ್ಡಮ್ಮನಿಗೆ ದೂರದ ವರಸೆಯಲ್ಲಿ ತಮ್ಮ. ಕೆಟ್ಟವನಲ್ಲ. ಆದರೆ ಎಲ್ಲಿ ಏನು ಸಿಗುತ್ತದೆ ಎಂಬ ಸುದ್ದಿ ಊರಿಗೆ ಬರುವ ಮೊದಲೇ ಅವನಿಗೆ ಬಂದಿರುತ್ತಿತ್ತು.

ಅಂಥ ಒಂದು ಬೆಳಿಗ್ಗೆ ವಿಮಾ ಕಂಪನಿಯ ರಾಜಕುಮಾರ್ ಬೈಕಿನಲ್ಲಿ ಬಂದ. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಶೂ, ಒಳ್ಳೆಯ ಮಾತು. ಕುರಿ ಸತ್ತರೆ ಪರಿಹಾರ ಕೊಡುವ ಯೋಜನೆ ಅವನದು. ಹಿಂದೆ ಇದಕ್ಕಾಗಿ ಕುರಿಯ ಕಿವಿಗೆ ಪ್ಲಾಸ್ಟಿಕ್ ಓಲೆ ಚುಚ್ಚುತ್ತಿದ್ದರು. ಸತ್ತ ಕುರಿಯ ಓಲೆ ಬದುಕಿದ್ದಕ್ಕೂ, ಬದುಕಿದ್ದರ ಓಲೆ ಸತ್ತದ್ದಕ್ಕೂ ಓಡಾಡುತ್ತಿರುವುದು ಕಂಪನಿಗೆ ಗೊತ್ತಾಗಿ, ಈಗ ಫೋನೇ ಮೂತಿ ನೋಡಿ ಗುರುತು ಹಿಡಿಯುವ ವ್ಯವಸ್ಥೆ ತಂದಿದ್ದರು.

"ಮನುಷ್ಯರಿಗೆ ಹೆಬ್ಬೆಟ್ಟು ಹೆಂಗೋ, ಕುರಿಗೆ ಮೂತಿ ಹಂಗೆ ಅಜ್ಜಾರೆ," ಎಂದು ರಾಜಕುಮಾರ್ ವಿವರಿಸಿದ. "ಒಂದರಂಗೆ ಇನ್ನೊಂದಿರಲ್ಲ. ಇದರೊಳಗೆ ಕೃತಕ ಬುದ್ಧಿ ಐತೆ. ಒಂದ್ಸಲ ನೋಡಿದ್ರೆ ಮರೆಯಲ್ಲ."

"ನಾನೂ ಮರೆಯಲ್ಲಪಾ," ಎಂದ ಮಾರಪ್ಪ. "ನನಗೆ ಯಾರೂ ಬೈಕ್ ಕೊಡಿಸಿಲ್ಲ."

"ನೀವು ಅರವತ್ತು ನೋಡಿದೀರಿ. ಇದು ಲಕ್ಷ ಕುರಿ ನೋಡಿ ಕಲ್ತೈತೆ."

"ಲಕ್ಷ ಕುರಿ ಕಾದಿದ್ರೆ ದೊಡ್ಡದು. ನೋಡಾದೇನು, ಬಸ್ ಕಂಡಕ್ಟರೂ ದಿನಾ ಸಾವಿರ ಜನ ನೋಡ್ತಾನೆ."

ಹೀಗೆಂದರೂ ಮಾರಪ್ಪ ಕುರಿ ಬರೆಸಿದ. ಹಿಂದಿನ ಮಳೆಗಾಲದಲ್ಲಿ ನೀಲಿನಾಲಿಗೆ ರೋಗ ಬಂದು ಹನ್ನೊಂದು ಕುರಿ ಕಳೆದುಕೊಂಡಿದ್ದವನು ಅವನು. ಫೋನಿನ ಮೇಲೆ ನಂಬಿಕೆ ಇಲ್ಲದಿದ್ದರೂ ರೋಗದ ಮೇಲೆ ಪೂರ್ತಿ ನಂಬಿಕೆ ಇತ್ತು. ತೊಡಕಾದದ್ದು ದೇವರ ಟಗರಿನದು. ಪ್ರತಿ ಮೂತಿಯ ಕೆಳಗೂ ಮಾಲೀಕರ ಹೆಸರು ಅಂತ ಒಂದು ಕಲಂ ಇತ್ತು. ಬೀರಪ್ಪನ ಆಸ್ತಿಯನ್ನು ತನ್ನ ಹೆಸರಿಗೆ ಹಾಕಿಕೊಂಡು ಊರಲ್ಲಿ ಮುಖ ತೋರಿಸುವುದು ಹೇಗೆ? ಈ ಟಗರಿಗೆ ಪಹಣಿ ಇಲ್ಲ, ಖಾತೆ ಇಲ್ಲ, ಇರಬಾರದು. ಹಾಗಂತ ರಾಜಕುಮಾರನಿಗೆ ಹೇಳಿದರೆ ಮಂದೆಯಲ್ಲಿರುವುದನ್ನೆಲ್ಲ ಬರೆಯಲೇಬೇಕು, ಬಿಡುವ ಹಾಗಿಲ್ಲ ಅನ್ನುತ್ತಾನೆ. ಮಾರಪ್ಪ ಉಪಾಯ ಮಾಡಿದ. ಟಗರನ್ನು ಮೆಲ್ಲಗೆ ಹೊಡೆದುಕೊಂಡು ಹೋಗಿ ಪಕ್ಕದ ಗದ್ದೆಯಲ್ಲಿದ್ದ ಮಹಾಂತೇಶನ ಮಂದೆಯೊಳಗೆ ಬಿಟ್ಟ.

"ಒಂದು ಗಳಿಗೆ ಇದನ್ನ ನೋಡ್ಕಾ ಮಾರಾಯ. ಆ ಫೋನ್ ಕಣ್ಣಿಗೆ ಬೀಳಬಾರ್ದು."

"ಅದಕ್ಕೆಂತ ಭಾವ, ಬಿಡಿ," ಎಂದ ಮಹಾಂತೇಶ.

ಮಾರಪ್ಪನ ಅರವತ್ತೆರಡು ಮೂತಿ ಮುಗಿಸಿ ರಾಜಕುಮಾರ್ ನೇರ ಮಹಾಂತೇಶನ ಮಂದೆಗೆ ಹೋದ. ಅಲ್ಲಿ ಇದ್ದದ್ದು ನಲವತ್ತೊಂಬತ್ತು ಕುರಿ. ಐವತ್ತಾದರೆ ಕಂತಿನಲ್ಲಿ ಅರ್ಧ ಮಾಫಿ, ಮೇಲೊಂದು ತಗಡಿನ ದೊಡ್ಡಿ. ಮಹಾಂತೇಶ ಟಗರಿನ ಕಡೆ ನೋಡಿದ. ಟಗರೂ ಅವನ ಕಡೆ ನೋಡಿತು. ಫೋನು ಇಬ್ಬರನ್ನೂ ನೋಡಿ, ನಾಲ್ಕು ಕಾಲಿದ್ದವನ ಮೂತಿಗೆ ಐವತ್ತು ಅಂತ ನಂಬರು ಕೊಟ್ಟಿತು.

ಅವತ್ತು ಸಂಜೆಗೆ ಟಗರು ಮಾರಪ್ಪನ ಮಂದೆಗೆ ವಾಪಸ್ ಬಂತು; ನಂಬರಿನ ಸಂಗತಿ ಅವನಿಗೆ ಗೊತ್ತಾದದ್ದು ಹನ್ನೆರಡು ದಿನ ಕಳೆದ ಮೇಲೆ. ಗದ್ದೆಯ ಕೆಲಸ ಮುಗಿದು ಎರಡೂ ಮಂದೆಗಳು ಬೇರೆಯಾಗಿ, ಮಾರಪ್ಪ ಅಂಬ್ಲಿಗೊಳದ ಹಿನ್ನೀರಿನ ಕಡೆ ಹೊರಟ, ಮಹಾಂತೇಶ ಸೊರಬದ ಕಡೆ. ಸಂಜೆ ನೀರಿನ ದಂಡೆಯಲ್ಲಿ ಕುರಿ ನಿಲ್ಲಿಸಿದಾಗ ಮಾರಪ್ಪನಿಗೆ ಏನೋ ಖಾಲಿ ಅನ್ನಿಸಿತು. ಅವನು ಕುರಿ ಎಣಿಸುವವನಲ್ಲ. ಒಮ್ಮೆ ಕಣ್ಣಾಡಿಸಿದರೆ ಯಾರು ಬಂದಿಲ್ಲ ಎನ್ನುವುದು ಗೊತ್ತಾಗುತ್ತಿತ್ತು. ಫೋನ್ ಮಾಡಿಸಿದ.

"ನಮ್ಮ ಕುರಿ ಹಿಂದೇನೇ ಬಂದ್ಬಿಟ್ಟದೆ ಭಾವ," ಎಂದ ಮಹಾಂತೇಶ. "ಇರ್ಲಿ ಬಿಡಿ, ಆರಾಮ ಅದೆ. ಯುಗಾದಿ ಕಳೀಲಿ, ನಾನೇ ತಂದ್ಬಿಡ್ತೆ."

ಹರಕೆ ತೀರಿಸಲು ಗೊತ್ತು ಮಾಡಿದ್ದ ಸೋಮವಾರಕ್ಕೆ ಉಳಿದದ್ದು ಎಂಟು ದಿನ. ಮಾರಪ್ಪ ಮರುದಿನವೇ ಸೊರಬದ ಬಸ್ ಹತ್ತಿದ. ಮಹಾಂತೇಶ ಬಸ್ ಸ್ಟ್ಯಾಂಡಿಗೇ ಬಂದು, ಚಹಾ ಕುಡಿಸಿ, ಬನ್ ತಿನ್ನಿಸಿ, ಮನೆಯ ಕಡೆ ಮಾತ್ರ ಕರೆಯಲಿಲ್ಲ.

"ನಾನೆಂತ ಮಾಡದು ಭಾವ. ಹದಿನೈದು ದಿನಕ್ಕೊಂದ್ಸಲ ಎಲ್ಲ ಐವತ್ತೂ ಮೂತಿ ಆ ಫೋನಿಗೆ ತೋರಿಸ್ಬೇಕು. ಒಂದು ಕಮ್ಮಿ ಬಂದ್ರೆ ಸುಳ್ಳು ಬರೆಸಿದಾನೆ ಅಂತ ಕೇಸ್ ಹಾಕ್ತ್ರಂತೆ. ದೊಡ್ಡಿ ತಗಡು ಆಗ್ಲೇ ಬಂದು ಬಿದ್ದದೆ."

"ಬೇರೆ ಕುರಿ ತೋರಿಸಾ."

"ಅದಕ್ಕೆ ಗೊತ್ತಾಗ್ತದೆ. ತೋರಿಸಿ ನೋಡ್ದೆ. ಇವನಲ್ಲ ಅಂತು."

"ಅದಕ್ಕೆ ಅಷ್ಟು ಗೊತ್ತಾದ ಮೇಲೆ ಟಗರು ನಂದಲ್ಲ, ದೇವರದು ಅಂತ ಗೊತ್ತಾಗ್ಲಿಲ್ಲೇನು?"

ಮಹಾಂತೇಶ ಚಹಾದ ಲೋಟ ತಿರುಗಿಸುತ್ತ ಕೂತ. "ಅದನ್ನ ಅದಕ್ಕೆ ಯಾರೂ ಹೇಳ್ಲಿಲ್ಲ ಭಾವ," ಎಂದ.

ಮಾತು ಚಂದ್ರಶೇಖರಪ್ಪನವರ ಅಂಗಳಕ್ಕೆ ಬಂತು. ಎರಡೂ ಮಂದೆಗೆ ಅನ್ನ ಹಾಕಿದವರು, ಇಬ್ಬರಿಗೂ ಬೇಕಾದವರು, ಹಣೆಯ ಮೇಲೆ ಅಗಲವಾಗಿ ವಿಭೂತಿ ಹಚ್ಚಿಕೊಂಡು ಕೂತರೆ ನ್ಯಾಯ ಹೇಳುವುದಕ್ಕೇ ಹುಟ್ಟಿದವರ ಹಾಗೆ ಕಾಣುತ್ತಿದ್ದರು. ಒಂದೇ ತೊಂದರೆ ಎಂದರೆ ಅವರು ಇತ್ತೀಚೆಗೆ ಫೋನನ್ನು ಕೇಳದೆ ಶುಂಠಿಗೆ ನೀರನ್ನೂ ಬಿಡುತ್ತಿರಲಿಲ್ಲ. ಎಲೆಯ ಫೋಟೋ ಹಿಡಿದರೆ ರೋಗ ಯಾವುದು, ಔಷಧ ಯಾವುದು ಎಂದು ಅದು ಹೇಳುತ್ತಿತ್ತು. ಎರಡು ಸಲ ಸರಿಯಾಗಿ ಹೇಳಿತ್ತು. ಮೂರನೇ ಸಲ ಎಲೆಯ ಜೊತೆ ಅವರ ಹೆಬ್ಬೆರಳೂ ಫೋಟೋದಲ್ಲಿ ಸಿಕ್ಕಿ, ಗಡ್ಡೆ ಕೊಳೆತಿದೆ, ಕೂಡಲೇ ಕಿತ್ತು ಸುಟ್ಟುಹಾಕಿ ಎಂದಿತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅವರ ಹೆಂಡತಿ ಮಹಾದೇವಮ್ಮ ಹೇಳಿದ್ದರು.

ಚಂದ್ರಶೇಖರಪ್ಪನವರು ಹೇಳಿಕಳಿಸಿದ್ದಕ್ಕೆ ಟಗರು ಗೂಡ್ಸ್ ಆಟೋದಲ್ಲಿ ಬಂತು, ರಾಜಕುಮಾರ್ ಬೈಕಿನಲ್ಲಿ ಬಂದ. ಮಾರಪ್ಪ ದೂರದಲ್ಲಿ ನಿಂತು ನಾಲಿಗೆಯಲ್ಲಿ ಸಣ್ಣಗೆ ಸದ್ದು ಮಾಡಿದ. ಟಗರು ನೇರ ಬಂದು ಅವನ ತೊಡೆಗೆ ತಲೆ ಒರಗಿಸಿ ನಿಂತಿತು. ಕುರಿಗಾರರಲ್ಲಿ ಇಷ್ಟಾದ ಮೇಲೆ ಯಾವ ಪಂಚಾಯ್ತಿಯೂ ಮುಂದುವರಿಯುವುದಿಲ್ಲ.

"ಅದು ಸಾಕ್ಷಿ ಆಗಲ್ಲ ಮಾರಪ್ಪ," ಎಂದರು ಚಂದ್ರಶೇಖರಪ್ಪನವರು. "ಬೆಲ್ಲ ತಿನ್ನಿಸಿದ್ರೆ ನನ್ನ ಹತ್ರನೂ ಬರುತ್ತೆ. ಫೋನ್ ಹಿಡೀರಿ ರಾಜಕುಮಾರ್. ಅದಕ್ಕೆ ನೆಂಟರಿಲ್ಲ, ಜಾತಿ ಇಲ್ಲ, ಬೆಲ್ಲ ತಿನ್ನಲ್ಲ."

ರಾಜಕುಮಾರ್ ಫೋನ್ ಹಿಡಿದ. ಹಸಿರು ಗೆರೆಯೊಂದು ಟಗರಿನ ಮೂತಿಯ ಸುತ್ತ ತಿರುಗಿ ನಿಂತಿತು. "ಮಾಲೀಕರು ಮಹಾಂತೇಶ. ನಂಬರ್ ಐವತ್ತು. ತೊಂಬತ್ತೆಂಟು ಪರ್ಸೆಂಟ್ ಖಾತ್ರಿ."

"ಉಳಿದ ಎರಡು ಪರ್ಸೆಂಟ್ ಯಾವ ಕಡೇದು?" ಎಂದು ಮಾರಪ್ಪ ಕೇಳಿದ. "ಬಾಲ ಆದ್ರೂ ಅಡ್ಡಿಲ್ಲ, ಕೊಟ್ಬಿಡ್ರಿ."

ಮಹಾಂತೇಶ ನೆಲ ನೋಡುತ್ತಿದ್ದ. ಟಗರು ಯಾರದೆಂದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಫೋನಿಗೆ ಮತ್ತು ರಾಜಕುಮಾರನಿಗೆ. ಹಾಗಿದ್ದೂ ಫೋನು ಹೇಳಿದ ಮೇಲೆ ಅದನ್ನು ಸುಳ್ಳು ಅನ್ನುವುದಕ್ಕೆ ಯಾರಿಗೂ ಬಾಯಿ ಬರಲಿಲ್ಲ. ಅದು ಸುಳ್ಳನ್ನೂ ಹೇಳಿರಲಿಲ್ಲ. ತನಗೆ ತೋರಿಸಿದ್ದನ್ನು, ಹೇಳಿಕೊಟ್ಟ ಹೆಸರಿನ ಸಮೇತ, ಒಂದಕ್ಷರ ತಪ್ಪದೆ ಒಪ್ಪಿಸಿತ್ತು. ಟಗರನ್ನು ಆ ಮಂದೆಗೆ ಕೈಯಾರೆ ಬಿಟ್ಟವನು ತಾನೇ ಎನ್ನುವುದು ನೆನಪಾಗಿ ಮಾರಪ್ಪನಿಗೆ ಇನ್ನಷ್ಟು ಸಂಕಟವಾಯಿತು. ದೇವರನ್ನು ಮುಚ್ಚಿಡಲು ಹೋಗಿ ದೇವರನ್ನೇ ಕಳೆದುಕೊಂಡ ಹಾಗಾಗಿತ್ತು.

ಆಗ ಕಟ್ಟೆಯ ಪಕ್ಕ ಕೂತಿದ್ದ ಗುಡ್ಡಮ್ಮ ಎದ್ದಳು. ಸೆರಗು ಕೊಡವಿ, ಟಗರಿನ ಕೊರಳ ಹಗ್ಗ ಹಿಡಿದು ಮಹಾಂತೇಶನ ಕೈಗಿಟ್ಟಳು.

"ತಗಾ ತಮ್ಮ. ಫೋನ್ ಹೇಳಿದ ಮೇಲೆ ನಿಂದೇ. ಸೋಮವಾರ ಬೀರಪ್ಪನ ಗುಡಿ ಮುಂದೆ ಎಂಟು ಗಂಟೆಗೆಲ್ಲ ನಿಲ್ಲಿಸ್ಬೇಕು. ಕತ್ತರಿ ಹಾಕೋರಿಗೆ ಹೇಳೈತೆ, ಕಂಬಳಿ ನೇಯೋರಿಗೆ ಹೇಳೈತೆ. ಏಳೂರಿನ ಊಟ, ಮೂರು ಕ್ವಿಂಟಲ್ ಅಕ್ಕಿ ಬೇಕಾಗುತ್ತೆ. ಟಗರು ಯಾರದೋ ಹರಕೇನೂ ಅವರದೇ. ದೇವರು ನಮ್ಮನ್ನ ಕೇಳಿದ್ರೆ ಸೊರಬಕ್ಕೆ ಹೋಗು ಅಂತೀವಿ."

"ಅಕ್ಕ, ಹರಕೆ ನಿಂದಲ್ದ?"

"ನಂದೇ ಆಗಿತ್ತು. ತೊಂಬತ್ತೆಂಟು ಪರ್ಸೆಂಟ್ ನಿಂದಾಯ್ತು."

ಮಹಾಂತೇಶನ ಕೈಯಲ್ಲಿ ಹಗ್ಗ ಬಿಸಿಯಾದಂತಾಯಿತು. ಅಕ್ಕಿ, ಊಟ ಇವಕ್ಕೆ ಹೆದರುವವನಲ್ಲ ಅವನು. ಸಾಲದಿದ್ದರೆ ಸಾಲ ಮಾಡಿಯಾದರೂ ಹಾಕಿಯಾನು. ಇನ್ನೊಬ್ಬರ ಮಗಳ ಜೀವಕ್ಕೆ ಹೊತ್ತ ಹರಕೆಯನ್ನು ತನ್ನ ಹೆಸರಿನಲ್ಲಿ ತೀರಿಸುವುದೆಂದರೆ ಬೇರೆ ಮಾತು. ಅವನ ಮನೆಯಲ್ಲೂ ಚಿಕ್ಕ ಮಕ್ಕಳಿದ್ದವು. ರಾಜಕುಮಾರನಿಗೆ ಬಾಳೆಹಣ್ಣು ಕೊಟ್ಟು ಕಳಿಸಿದ ಮೇಲೆ ಮಹಾಂತೇಶ ಎಲ್ಲವನ್ನೂ ಒಪ್ಪಿಕೊಂಡ.

"ಟಗರು ತಗಂಡೋಗಿ ಅಕ್ಕ. ಆದ್ರೆ ಆ ಫೋನಿಂದ ಅದನ್ನ ಹೆಂಗೆ ತೆಗೀಬೇಕು ಅಂತ ನೀವೇ ಹೇಳಿ."

ತಾಯಿಯ ಪಕ್ಕ ಕೂತಿದ್ದ ಸಂಗೀತ, ರಾಜಕುಮಾರ್ ಕಂಪನಿಯ ಆ್ಯಪ್ ಹಾಕಿಕೊಟ್ಟಿದ್ದ ಮಹಾಂತೇಶನ ಫೋನ್ ಇಸಿದುಕೊಂಡು ಓದಿದಳು. ಮಂದೆಯಿಂದ ಒಂದು ಪ್ರಾಣಿಯನ್ನು ತೆಗೆಯಲು ಮೂರೇ ದಾರಿ ಕೊಟ್ಟಿದ್ದರು: ಮಾರಾಟ, ಕಳವು, ಸಾವು.

"ಮಾರಾಟ ಅಂತ ಹಾಕು," ಎಂದರು ಚಂದ್ರಶೇಖರಪ್ಪನವರು.

"ಕೊಂಡವರ ಹೆಸರು ಕೇಳುತ್ತೆ ರೀ. ಅಪ್ಪನ ಹೆಸರಿಗೆ ಹೋಗುತ್ತೆ."

"ಆಗಲ್ಲ," ಎಂದ ಮಾರಪ್ಪ. ಇಷ್ಟೆಲ್ಲ ಆದದ್ದು ಅದೊಂದು ಕಲಮಿನಿಂದ ತಪ್ಪಿಸಿಕೊಳ್ಳಲು.

"ಕಳವು ಅಂದ್ರೆ ಪೊಲೀಸ್ ಕಂಪ್ಲೇಂಟ್ ನಂಬರ್ ಹಾಕ್ಬೇಕು."

ಕಳ್ಳನೇ ಹೋಗಿ ಕಂಪ್ಲೇಂಟು ಕೊಡಬೇಕಾಗುತ್ತದೆ ಎಂಬುದನ್ನು ಎಲ್ಲರೂ ಯೋಚಿಸಿದರು, ಯಾರೂ ಆಡಲಿಲ್ಲ. ಉಳಿದದ್ದು ಸಾವು. ಸತ್ತರೆ ಸಂಖ್ಯೆ ಕಡಿಮೆಯಾದರೂ ರಿಯಾಯ್ತಿ ಹೋಗುವುದಿಲ್ಲ, ದೊಡ್ಡಿ ವಾಪಸ್ ಕೊಡಬೇಕಿಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಕಣ್ಣು ಮುಚ್ಚಿ ಪಕ್ಕಕ್ಕೆ ಮಲಗಿದ ಪ್ರಾಣಿಯ ಒಂದು ಫೋಟೋ ಸಾಕು. ಸತ್ತಿದೆಯೋ ಇಲ್ಲವೋ ಎಂದು ಫೋನೇ ನೋಡಿ ತೀರ್ಮಾನಿಸುತ್ತದೆ.

"ಹರಕೆ ಟಗರನ್ನ ಸತ್ತಿದೆ ಅಂತ ಬರೆಯೋದಾ?" ಮಾರಪ್ಪನ ದನಿ ಇಳಿಯಿತು. ಅವನು ಹೆಂಡತಿಯ ಮುಖ ನೋಡಿದ. ಮಂಚದ ಪಕ್ಕ ನಿಂತು ಆ ಮಾತು ಆಡಿದವಳು ಅವಳು. ಅವಳು ಬೇಡ ಎಂದರೆ ಅಲ್ಲಿಗೆ ಮುಗಿಯಿತು.

ಗುಡ್ಡಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

"ಆ ಫೋನಿನಾಗೆ ಇರೋದು ಯಾರ ಟಗರು?"

"ಮಹಾಂತೇಶ ಮಾವಂದು," ಎಂದಳು ಸಂಗೀತ.

"ಅಂದಮೇಲೆ ಸಾಯೋದು ಅವಂದು. ನಮ್ದು ಯಾಕೆ ಸಾಯುತ್ತೆ?"

ಮರುದಿನ ಮಧ್ಯಾಹ್ನ ಅಂಬ್ಲಿಗೊಳದ ಕಾಲುವೆಯ ಏರಿಯ ಮೇಲೆ ಟಗರನ್ನು ಸಾಯಿಸುವ ಕೆಲಸ ಶುರುವಾಯಿತು. ಅದು ಸುಲಭವಿರಲಿಲ್ಲ. ಮಹಾಂತೇಶ ಮುಂಗಾಲು ಹಿಡಿದು ಮಲಗಿಸಲು ಹೋಗಿ ಕಾಲುವೆಗೆ ಬಿದ್ದು ಮೊಣಕಾಲುದ್ದ ಕೆಸರು ಮಾಡಿಕೊಂಡು ಬಂದ. ಮಾರಪ್ಪ ಕಣ್ಣಿನ ಮೇಲೆ ಕೈ ಇಟ್ಟು ಮುಚ್ಚಿಸಿದರೆ ಫೋನು ಕೈಯನ್ನು ಕಂಡು, ಅಡ್ಡ ಇರುವ ವಸ್ತುವನ್ನು ತೆಗೆಯಿರಿ ಎಂದಿತು. ಒಂದು ಸಲ ಎಲ್ಲ ಸರಿಯಾಗಿ ಕೂಡಿ ಬಂದಾಗ ಟಗರು ಸೀನಿತು. ಸತ್ತವರು ಸೀನಬಾರದೆಂಬಷ್ಟು ಬುದ್ಧಿ ಆ ಫೋನಿಗೆ ಇತ್ತು.

"ಬಿಡ್ರಿ ಅದನ್ನ," ಎಂದಳು ಗುಡ್ಡಮ್ಮ. "ಹೊಟ್ಟೆ ತುಂಬ ಹಾಕಿ, ಅದರ ಪಾಡಿಗೆ ಬಿಡ್ರಿ. ಹೊಟ್ಟೆ ತುಂಬಿದ ಗಂಡಸು ಎಷ್ಟೊತ್ತು ಎಚ್ಚರ ಇರ್ತಾನೆ?"

ನೆನೆಸಿದ ಹುರುಳಿ ಎರಡು ಸೇರು ತಿಂದು, ನೀರು ಕುಡಿದು, ಬಿಸಿಲಿಗೆ ಮೈ ಕಾಯಿಸುತ್ತ ಟಗರು ಮೊದಲು ಮೆಲುಕು ಹಾಕಿತು, ಆಮೇಲೆ ನಿಲ್ಲಿಸಿತು, ಆಮೇಲೆ ಮೂರು ವರ್ಷದ ಉಣ್ಣೆಯ ಭಾರಕ್ಕೆ ಒಂದು ಪಕ್ಕಕ್ಕೆ ವಾಲಿ ಕಾಲು ಚಾಚಿತು. ಹೊಟ್ಟೆ ಏರಿಳಿಯುವುದು ಆ ಉಣ್ಣೆಯೊಳಗೆ ಕಾಣುತ್ತಲೇ ಇರಲಿಲ್ಲ. ಸಂಗೀತ ಬೆರಳ ತುದಿಯಲ್ಲಿ ನಡೆದು ಹೋಗಿ ಫೋಟೋ ತೆಗೆದಳು. ಫೋನಿನಲ್ಲಿ ಚಕ್ರ ತಿರುಗಿತು.

"ನಂಬರ್ ಐವತ್ತು. ಸಾವು ದೃಢಪಟ್ಟಿದೆ, ತೊಂಬತ್ತೇಳು ಪರ್ಸೆಂಟ್," ಎಂದು ಅವಳು ಪಿಸುಮಾತಿನಲ್ಲಿ ಓದಿದಳು. "ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು ಅಂತ ಐತೆ."

ಮಹಾಂತೇಶ ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾಕೆ ಹಿಡಿದುಕೊಂಡ ಅಂತ ಅವನಿಗೇ ಗೊತ್ತಾಗಲಿಲ್ಲ. ಟಗರು ಗೊರಕೆ ಹೊಡೆಯುತ್ತಿತ್ತು.

ಕಂಪನಿಯವರು ಸಾವನ್ನು ಒಪ್ಪಿದರು, ಪರಿಹಾರವನ್ನು ಒಪ್ಪಲಿಲ್ಲ. ನೀಲಿನಾಲಿಗೆ ಲಸಿಕೆಯ ಚೀಟಿ ಇಲ್ಲ ಎಂದು ಎರಡೇ ದಿನಕ್ಕೆ ಉತ್ತರ ಬಂತು. ಮಹಾಂತೇಶನಿಗೆ ಬೇಸರವಾಗಲಿಲ್ಲ. ಆ ಹಣ ಬಂದಿದ್ದರೆ ಎಲ್ಲಿಡುವುದು ಅಂತ ಅವನು ಎರಡು ದಿನವೂ ಸರಿಯಾಗಿ ಉಂಡಿರಲಿಲ್ಲ.

ಸೋಮವಾರ ಗುಡಿಯ ಮುಂದೆ ಟಗರಿನ ಉಣ್ಣೆ ಇಳಿಯಿತು. ಅಷ್ಟು ದೊಡ್ಡದಾಗಿ ಕಾಣುತ್ತಿದ್ದ ಪ್ರಾಣಿ ಉಣ್ಣೆ ತೆಗೆದ ಮೇಲೆ ಅರ್ಧವಾಯಿತು. ಗಾಂಭೀರ್ಯ ಮಾತ್ರ ಅಷ್ಟೇ ಇತ್ತು. ಸಂಗೀತ ಮೊದಲ ಹಿಡಿ ಉಣ್ಣೆಯನ್ನು ಗದ್ದುಗೆಗೆ ಇಟ್ಟಳು. ಗುಡ್ಡಮ್ಮ ಅಳಲಿಲ್ಲ, ಬಡಿಸುವುದಕ್ಕೆ ಜನ ಸಾಲದೆಂದು ಎಲ್ಲರನ್ನೂ ಗದರುತ್ತಿದ್ದಳು. ಮಹಾಂತೇಶ ಸೊರಬದಿಂದ ಬಂದು, ಯಾರೂ ಹೇಳದಿದ್ದರೂ, ಬೆಳಗಿನಿಂದ ಸಾರಿನ ಬಕೆಟ್ ಹಿಡಿದು ಸಾಲು ಸಾಲು ಓಡಾಡಿದ.

ಎರಡು ವಾರ ಕಳೆದು ರಾಜಕುಮಾರ್ ಮಾರಪ್ಪನ ಮಂದೆಯ ತಪಾಸಣೆಗೆ ಹಿನ್ನೀರಿನ ದಂಡೆಗೆ ಬಂದ. ಅರವತ್ತೆರಡು ಮೂತಿ ಒಂದೊಂದಾಗಿ ಹಸಿರಾದವು. ಈ ಸಲ ಮಾರಪ್ಪ ಏನನ್ನೂ ಬಚ್ಚಿಟ್ಟಿರಲಿಲ್ಲ. ಅರವತ್ತಮೂರನೆಯದಾಗಿ ಟಗರು ತಾನಾಗಿಯೇ ಬಂದು ಫೋನಿನ ಮುಂದೆ ನಿಂತಿತು. ಫೋನು ಕೆಂಪಾಯಿತು. ಈ ಪ್ರಾಣಿ ಮೃತಪಟ್ಟಿದೆ ಎಂದು ತೋರಿಸಿತು.

ರಾಜಕುಮಾರ್ ಫೋನ್ ನೋಡಿದ, ಟಗರು ನೋಡಿದ, ಫೋನಿನ ಗಾಜನ್ನು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಿಡಿದ. ಕೆಂಪೇ ಬಂತು.

"ಇದು ಬೇರೆ ಟಗರು," ಎಂದ.

"ಅಲ್ಲಪಾ, ಅದೇ," ಎಂದ ಮಾರಪ್ಪ. "ಆವತ್ತು ಚಂದ್ರಶೇಖರಪ್ಪನೋರ ಅಂಗಳದಾಗೆ ನಿಂತಿತ್ತಲ್ಲ, ಅದೇ. ಉಣ್ಣೆ ತೆಗೆಸೀವಿ."

"ಅದು ಹೋಯ್ತು ಅಜ್ಜಾರೆ. ಫೋಟೋ ಐತೆ, ಸಿಸ್ಟಮ್‌ನಾಗೆ ಕ್ಲೋಸ್ ಆಗೈತೆ. ಅದನ್ನ ಮತ್ತೆ ತೆಗೀಬೇಕು ಅಂದ್ರೆ ನಾನು ಮೇಲಿನೋರಿಗೆ ಬರೀಬೇಕು, ಅವರು ಇನ್ನೂ ಮೇಲಿನೋರಿಗೆ ಬರೀಬೇಕು." ಅವನು ಒಂದು ಹೆಜ್ಜೆ ಹಿಂದೆ ಸರಿದ, ಏಕೆಂದರೆ ಟಗರು ಒಂದು ಹೆಜ್ಜೆ ಮುಂದೆ ಬಂದಿತ್ತು. "ಇದು ಅದರ ಅಣ್ಣನೋ ತಮ್ಮನೋ ಇರ್ಬೇಕು. ಮೂತಿ ಹೋಲ್ತಾವೆ."

"ಒಂದರಂಗೆ ಇನ್ನೊಂದಿರಲ್ಲ ಅಂದಿದ್ದೆ?"

ರಾಜಕುಮಾರ್ ಫೋನನ್ನು ಜೇಬಿಗೆ ಹಾಕಿ ಬೈಕಿನ ಕಡೆ ನಡೆದ. ಒಳ್ಳೆಯ ಹುಡುಗ, ಮುದುಕನ ಮನಸ್ಸು ನೋಯಿಸಬಾರದೆಂದು ದನಿ ತಗ್ಗಿಸಿ ಹೇಳಿದ.

"ವಯಸ್ಸಾಯ್ತಲ್ಲ ಅಜ್ಜಾರೆ. ನಿಮಗೆ ಗುರುತು ಸಿಕ್ಕಿರಲಿಕ್ಕಿಲ್ಲ."

"ಇರಬಹುದಪಾ," ಎಂದ ಮಾರಪ್ಪ, ಟಗರಿನ ನೆತ್ತಿ ಕೆರೆಯುತ್ತ.